ಫಲವೇ, ಕೂಲಿಯೇ? ಸ್ವರ್ಗದ ಪ್ರತಿಫಲವನ್ನು ಕುರಿತ ನಮ್ಮ ಬೋಧನಾಭಾಷೆಯ ವಿಮರ್ಶೆ

ವಿಶ್ವಾಸದಿಂದ ಬಾಳಿದವರಿಗೆ ಸ್ವರ್ಗದಲ್ಲಿ ಪ್ರತಿಫಲವುಂಟು ಎಂಬುದು ಶುಭಸಂದೇಶದ ಅಂಚಿನಲ್ಲಿ ನಿಂತ ಮಾತಲ್ಲ. ಅಷ್ಟಭಾಗ್ಯಗಳು ಮುಗಿಯುವುದೇ ಆ ವಾಗ್ದಾನದಿಂದ. ದಾನಧರ್ಮ, ಜಪ, ಉಪವಾಸಗಳ ಬಗ್ಗೆ ಯೇಸುಸ್ವಾಮಿ ಉಪದೇಶಿಸುವಾಗ ಮೂರು ಸಲವೂ ಅದೇ ಮಾತು ಮರಳುತ್ತದೆ. ಸಂತ ಪೌಲರು ಅದನ್ನು ಓಟಗಾರನ ಜಯಮಾಲೆಗೆ ಹೋಲಿಸುತ್ತಾರೆ. ಪ್ರಕಟನಾ ಗ್ರಂಥದ ಕೊನೆಯ ಅಧ್ಯಾಯದಲ್ಲಿಯೂ ಅದು ಕೇಳಿಬರುತ್ತದೆ. ಆದುದರಿಂದ ಪ್ರತಿಫಲವನ್ನು ಬೋಧಿಸಬೇಕೇ ಬೇಡವೇ ಎಂಬ ಪ್ರಶ್ನೆ ನಮ್ಮ ಮುಂದಿಲ್ಲ. ಅದನ್ನು ಯಾವ ಪದದಲ್ಲಿ, ಯಾರ ಎದುರು ನಿಂತು ಬೋಧಿಸುತ್ತಿದ್ದೇವೆ ಎಂಬುದಷ್ಟೇ ಈ ಲೇಖನದ ಜಿಜ್ಞಾಸೆ.

ಜಿಜ್ಞಾಸೆ ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ. ಕೆಲವು ವರ್ಷಗಳ ಹಿಂದೆ ಬಣಕಲ್ ಸೀಮೆಯ ಒಂದು ಕಾಫಿ ತೋಟದ ಲೈನಿನಲ್ಲಿ ನಡೆದ ಅಂತ್ಯಕ್ರಿಯೆಗೆ ಹೋಗುವ ಸಂದರ್ಭ ನಮಗೆ ಒದಗಿತ್ತು. ತೀರಿಕೊಂಡ ತಾಯಿ ಮದುವೆಯಾಗಿ ಬಂದಂದಿನಿಂದ ಮೊಣಕಾಲು ಸೋಲುವ ತನಕ ತೋಟದ ಕೆಲಸ ಮಾಡಿದವರು. ಭಾನುವಾರದ ಬಲಿಪೂಜೆಯನ್ನು ಮಳೆಗಾಲದಲ್ಲಿಯೂ ತಪ್ಪಿಸದವರು. ಪ್ರಬೋಧನೆ ಮಾಡಿದವರು ಸದುದ್ದೇಶದಿಂದಲೇ ಮಾತಾಡಿದರು. ಈ ತಾಯಿಯ ಒಂದೊಂದು ಜಪವೂ ಮೇಲಿನ ಖಾತೆಗೆ ಜಮೆಯಾಗಿದೆ, ಇಲ್ಲಿ ಸಿಗದೆ ಹೋದದ್ದೆಲ್ಲ ಅಲ್ಲಿ ಬಡ್ಡಿಸಮೇತ ಸಿಗುತ್ತದೆ ಎಂದರು. ಹಿಂದಿನ ಸಾಲಿನಲ್ಲಿ ನಿಂತಿದ್ದವರು ಪಿಸುಮಾತಿನಲ್ಲಿ ಬೇರೊಂದು ಖಾತೆಯ ವಿಷಯ ಆಡಿಕೊಳ್ಳುತ್ತಿದ್ದರು: ಆಕೆಗೆ ಬರಬೇಕಾಗಿದ್ದ ಗ್ರಾಚ್ಯುಯಿಟಿ ಹಣ ಇನ್ನೂ ಬಂದಿರಲಿಲ್ಲ. ಬೋಧಕರಿಗೆ ಇದು ತಿಳಿದಿರಲಿಕ್ಕಿಲ್ಲ. ಅಂಥದೇ ಪ್ರಬೋಧನೆಗಳನ್ನು ನಾವೂ ಮಾಡಿದ್ದೇವೆ. ಆದಕಾರಣ ಇಲ್ಲಿ ಯಾರನ್ನೂ ಬೊಟ್ಟುಮಾಡಿ ತೋರಿಸುವ ಅಧಿಕಾರ ನಮಗಿಲ್ಲ. ಆದರೆ 'ಇಲ್ಲಿ ಸಿಗದದ್ದು ಅಲ್ಲಿ ಸಿಗುತ್ತದೆ' ಎಂಬ ವಾಕ್ಯವನ್ನು ಅಂದಿನಿಂದ ನಿರಾಳವಾಗಿ ಉಚ್ಚರಿಸಲು ನಮಗೆ ಸಾಧ್ಯವಾಗಿಲ್ಲ.

ಮೊದಲು ಪದದ ವಿಷಯ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಸ್ವರ್ಗದ ಪ್ರತಿಫಲಕ್ಕೆ ಮುಖ್ಯವಾಗಿ ಬಳಕೆಯಾಗುವ ಪದ 'ಮಿಸ್ಥೊಸ್'. ಇದು ಗುಡಿಯ ಪದವಲ್ಲ, ಪೇಟೆಯ ಪದ. ದುಡಿದವನ ಕೈಗೆ ಸಂಜೆ ಬೀಳುವ ದುಡ್ಡಿಗೆ ಆ ಹೆಸರು. ಅಷ್ಟಭಾಗ್ಯಗಳ ಕೊನೆಯಲ್ಲಿ ಬರುವುದು ಈ ಪದವೇ. ದ್ರಾಕ್ಷಿತೋಟದ ಸಾಮತಿಯಲ್ಲಿ ಯಜಮಾನನು ಮೇಲ್ವಿಚಾರಕನಿಗೆ ಕೊಡಲು ಹೇಳುವುದೂ ಇದನ್ನೇ. ಹೊಲ ಕೊಯ್ದವರಿಂದ ತಡೆಹಿಡಿದದ್ದು ಮೊರೆಯಿಡುತ್ತದೆಂದು ಸಂತ ಯಕೋಬರು ಬರೆಯುವಾಗ ಮೊರೆಯಿಡುವುದೂ ಇದೇ. ಗ್ರೀಕ್ ಬಲ್ಲ ಮೊದಲ ಶತಮಾನದ ಕೂಲಿಯಾಳಿನ ಕಿವಿಗೆ ಸ್ವರ್ಗದ ವಾಗ್ದಾನವೂ ತನ್ನ ಸಂಜೆಯ ಬಟವಾಡೆಯೂ ಒಂದೇ ನಾದದಲ್ಲಿ ಕೇಳುತ್ತಿದ್ದವು.

ಕನ್ನಡದಲ್ಲಿ ಈ ಒಂದು ಪದ ಎರಡಾಗಿ ಒಡೆದಿದೆ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಮೊದಲ್ಗೊಂಡು ಬಾಸೆಲ್ ಮಿಷನ್ನಿನ ಪಂಡಿತರವರೆಗೆ ಹಲವರ ಶ್ರಮದಿಂದ ಬೆಳೆದು ಬಂದ ಸತ್ಯವೇದದ ಪರಂಪರೆಯಲ್ಲಿ ಪರ್ವತ ಪ್ರಬೋಧನೆಯ ಮಿಸ್ಥೊಸ್ 'ಫಲ'ವಾಯಿತು. ದ್ರಾಕ್ಷಿತೋಟದ ಮಿಸ್ಥೊಸ್ ಮತ್ತು ಯಕೋಬರ ಮಿಸ್ಥೊಸ್ 'ಕೂಲಿ'ಯಾಯಿತು. ಈಚಿನ ಸರಳ ಭಾಷಾಂತರದಲ್ಲಿ ಅಷ್ಟಭಾಗ್ಯಗಳ 'ಫಲ'ವು 'ಪ್ರತಿಫಲ'ವಾಗಿದೆ. ದ್ರಾಕ್ಷಿತೋಟದಲ್ಲಿ 'ಕೂಲಿ' ಉಳಿದುಕೊಂಡಿದೆ. ಸಂದರ್ಭಕ್ಕೆ ತಕ್ಕಂತೆ ಪದವನ್ನು ಬದಲಿಸುವುದು ಭಾಷಾಂತರಕಾರನ ಹಕ್ಕು. ಅದನ್ನು ತಪ್ಪೆನ್ನುವಷ್ಟು ಸರಳಬುದ್ಧಿ ನಮ್ಮದಲ್ಲ. ಆದರೂ ಪರಿಣಾಮವನ್ನು ಗಮನಿಸದೆ ಇರಲಾಗದು. ಮೇಲಿನ ಲೋಕಕ್ಕೆ ಸಂಸ್ಕೃತದ ಪದ ಸಂದಿತು, ಕೆಳಗಿನ ಲೋಕಕ್ಕೆ ಅಚ್ಚಗನ್ನಡದ ಪದ. ಒಂದರಲ್ಲಿ ಪೂಜೆಯ ಪರಿಮಳ, ಇನ್ನೊಂದರಲ್ಲಿ ಬೆವರಿನ ವಾಸನೆ. ಇವೆರಡೂ ಒಂದೇ ಮಾತು ಎಂಬ ಸುಳಿವು ಕನ್ನಡ ಕೇಳುಗನಿಗೆ ಸಿಗುವ ದಾರಿಯೇ ಇಲ್ಲ.

ಬಣಕಲ್ಲಿನಂಥ ಊರಿನಲ್ಲಿ ಈ ಒಡಕಿಗೆ ವಿಶೇಷವಾದ ಅರ್ಥವಿದೆ. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ, ಅಲ್ಲಿಂದ ಚಾರ್ಮಾಡಿ ಘಾಟಿಗೆ ಹೋಗುವ ದಾರಿಯಲ್ಲಿ ಈ ಹೋಬಳಿಯಿದೆ. ಸುತ್ತಲೂ ಕಾಫಿ, ಕಾಳುಮೆಣಸು, ಏಲಕ್ಕಿ. ಘಾಟಿಯ ಕೆಳಗಿನಿಂದ ಬಂದ ಕೊಂಕಣಿ ಕುಟುಂಬಗಳು, ತಮಿಳು ಮೂಲದ ಕಾರ್ಮಿಕರು, ಬಯಲುಸೀಮೆಯಿಂದ ಕೊಯ್ಲಿಗೆ ಬರುವವರು, ಈಚೆಗೆ ಅಸ್ಸಾಮಿನಿಂದ ಬಂದವರು, ಹೀಗೆ ಹಲವು ನುಡಿಗಳ ಜನ ತೋಟಗಳಲ್ಲಿ ದುಡಿಯುತ್ತಾರೆ. 1963ರಲ್ಲಿ ಚಿಕ್ಕಮಗಳೂರು ಪ್ರತ್ಯೇಕ ಧರ್ಮಕ್ಷೇತ್ರವಾದಾಗ ಅದಕ್ಕೆ ಒಪ್ಪಿಸಲ್ಪಟ್ಟ ಮಂದೆಯಲ್ಲಿ ತೋಟದ ಒಡೆಯರೂ ಇದ್ದರು, ತೋಟದ ಆಳುಗಳೂ ಇದ್ದರು. ಅದೇ ಪೀಠದ ಮುಂದೆ ಇಬ್ಬರೂ ಮೊಣಕಾಲೂರುತ್ತಾರೆ. ಅದೇ ಪ್ರಬೋಧನೆಯನ್ನು ಇಬ್ಬರೂ ಕೇಳುತ್ತಾರೆ.

ಈಗ ಗಿಡದ ಬಳಿಗೆ ಹೋಗೋಣ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗುತ್ತದೆ, ಅದರ ಬೆನ್ನಿಗೆ ರೊಬಸ್ಟಾ. ಕೊಯ್ಯುವ ಹೆಂಗಸು ಸೊಂಟಕ್ಕೆ ಚೀಲ ಕಟ್ಟಿಕೊಂಡು ಗಿಡದಿಂದ ಗಿಡಕ್ಕೆ ಸರಿಯುತ್ತಾಳೆ. ಸಂಜೆ ಹಣ್ಣಿನ ಮೂಟೆಯನ್ನು ಹೊತ್ತು ತರುತ್ತಾಳೆ. ರೈಟರು ತೂಗಿ ಬರೆದುಕೊಳ್ಳುತ್ತಾರೆ. ಹಣ್ಣು ಕಣಕ್ಕೋ ಪಲ್ಪರಿಗೋ ಹೋಗುತ್ತದೆ. ಆಕೆ ದಿನವಿಡೀ ಮುಟ್ಟಿದ್ದು ಫಲವನ್ನೇ. ಆದರೆ ಫಲ ಆಕೆಯದಲ್ಲ. ತೋಟದ ಲೆಕ್ಕದಲ್ಲಿ ಫಲ ಒಡೆಯನದು, ಕೂಲಿ ಆಳಿನದು. ಇಷ್ಟು ಸ್ಪಷ್ಟವಾಗಿ ಎರಡೂ ಪದಗಳು ಎರಡು ಕೈಗಳಿಗೆ ಹಂಚಿಹೋಗಿರುವ ಊರಿನಲ್ಲಿ, ನಿನಗೆ ಸ್ವರ್ಗದಲ್ಲಿ ಬಹಳ ಫಲವುಂಟು ಎಂದು ಆಕೆಗೆ ಹೇಳಿದರೆ ಆಕೆ ಏನನ್ನು ಕೇಳಿಸಿಕೊಳ್ಳಬೇಕು? ಅದು ಎಂದೂ ತನ್ನ ಕೈಗೆ ದಕ್ಕದ ವಸ್ತುವಿನ ಹೆಸರು. ತನಗೆ ನ್ಯಾಯವಾಗಿ ಸಲ್ಲುವ ವಸ್ತುವಿನ ಹೆಸರು ಬೇರೆಯೇ ಇದೆ, ಮತ್ತು ಆ ಹೆಸರನ್ನು ಅಷ್ಟಭಾಗ್ಯಗಳಲ್ಲಿ ಆಕೆ ಎಂದೂ ಕೇಳಿಲ್ಲ.

'ಫಲ'ಕ್ಕೆ ಕನ್ನಡದಲ್ಲಿ ಬೇರೆ ಬಂಧುಬಳಗವೂ ಇದೆ. ಪುರಾಣಶ್ರವಣದ ಕೊನೆಗೆ ಫಲಶ್ರುತಿ ಬರುತ್ತದೆ: ಇದನ್ನು ಕೇಳಿದವರಿಗೆ ಇಂತಿಂಥ ಫಲ ಎಂಬ ಎಣಿಕೆ. ಕರ್ಮಫಲವೆಂಬ ಭಾವನೆಯಂತೂ ನಮ್ಮ ಜನರ ಮಾತಿನಲ್ಲಿ ಹಾಸುಹೊಕ್ಕಾಗಿದೆ; 'ಮಾಡಿದ್ದುಣ್ಣೋ ಮಹಾರಾಯ' ಎನ್ನುವಾಗ ಕೊಡುವವನೊಬ್ಬನ ಅಗತ್ಯವೇ ಇಲ್ಲ, ಬೀಜ ತಾನಾಗಿ ಮೊಳೆತು ಕಾಯಾಗುವಂತೆ ಕ್ರಿಯೆ ತಾನೇ ಹಣ್ಣಾಗುತ್ತದೆ. ಇದಕ್ಕೆ ಪ್ರತಿಯಾಗಿ ಫಲಾಪೇಕ್ಷೆಯೇ ಕೀಳು, ನಿಷ್ಕಾಮವೇ ಮೇಲು ಎಂಬ ಗೀತೆಯ ಸಂಸ್ಕಾರವೂ ಓದಿದವರ ಮನಸ್ಸಿನಲ್ಲಿದೆ. ಆದುದರಿಂದಲೇ ನಮ್ಮ ಕೆಲವು ಗುರುವಿದ್ಯಾರ್ಥಿಗಳು ಪ್ರತಿಫಲದ ವಚನಗಳನ್ನು ಓದಿ ಸಂಕೋಚಪಡುವುದನ್ನು ನಾವು ಕಂಡಿದ್ದೇವೆ. ಕ್ರೈಸ್ತಧರ್ಮ ಇನ್ನೂ ಸ್ವಲ್ಪ ಮೇಲಿರಬಾರದಿತ್ತೇ ಎಂಬಂತೆ! ಕೂಲಿ ಎಂಬ ಪದದ ಎದುರು ಈ ಎರಡೂ ತೊಡಕುಗಳು ಕರಗುತ್ತವೆ. ಕೂಲಿ ತಾನಾಗಿ ಬೆಳೆಯುವುದಿಲ್ಲ. ಕೊಡಲು ಒಬ್ಬ ಬೇಕು, ಅವನು ಮಾತಿಗೆ ನಿಲ್ಲುವವನಾಗಿರಬೇಕು. ದಿನವಿಡೀ ದುಡಿದವಳು ಸಂಜೆ ಕೂಲಿ ಕೇಳಿದರೆ ಅವಳನ್ನು ಸಕಾಮಿಯೆಂದು ಯಾರೂ ಹಳಿಯುವುದಿಲ್ಲ.

ಹಾಗೆಂದು 'ಫಲ'ವನ್ನು ನಮ್ಮ ಬೋಧನೆಯಿಂದ ಹೊರದೂಡಬೇಕೆಂಬ ವಾದ ನಮ್ಮದಲ್ಲ. ಬಿತ್ತನೆ ಮತ್ತು ಕೊಯ್ಲಿನ ರೂಪಕವನ್ನು ಗಲಾತ್ಯರಿಗೆ ಬರೆದ ಪತ್ರದಲ್ಲಿ ಪೌಲರೇ ಬಳಸಿದ್ದಾರೆ. ಅದಕ್ಕಿಂತ ಮುಖ್ಯವಾದುದು ಯೆಶಾಯನ ಗ್ರಂಥದ 65ನೆಯ ಅಧ್ಯಾಯ. ಹೊಸ ಆಕಾಶ, ಹೊಸ ಭೂಮಿಯ ದರ್ಶನದಲ್ಲಿ ಪ್ರವಾದಿ ಹೇಳುವುದಾದರೂ ಏನು? ಮನೆ ಕಟ್ಟಿದವರೇ ಅದರಲ್ಲಿ ವಾಸಮಾಡುವರು, ದ್ರಾಕ್ಷಿತೋಟ ಮಾಡಿದವರೇ ಅದರ ಫಲವನ್ನು ತಿನ್ನುವರು. ಒಬ್ಬರು ನೆಟ್ಟದ್ದನ್ನು ಮತ್ತೊಬ್ಬರು ಉಣ್ಣುವುದಿಲ್ಲ. ಫಲವು ಕೊಯ್ದವಳ ಬಾಯಿಗೇ ಬರುವ ಕಾಲವದು. ಅಲ್ಲಿ ಆ ಪದ ಸರಿಯಾಗಿಯೇ ನಿಂತಿದೆ, ಏಕೆಂದರೆ ಫಲ ಮತ್ತು ಕೂಲಿಗಳ ಅಂತರವೇ ಅಲ್ಲಿ ಅಳಿದಿದೆ. ಆ ಅಂತರ ಇನ್ನೂ ಉಳಿದಿರುವಾಗಲೇ ಅದನ್ನು ಮರೆಮಾಡಲು ಪದವನ್ನು ಬಳಸುವುದರ ಬಗ್ಗೆ ಮಾತ್ರ ನಮ್ಮ ಆಕ್ಷೇಪ.

ದೈವಶಾಸ್ತ್ರ ಬಲ್ಲ ಓದುಗರು ಇಲ್ಲಿ ನಮ್ಮನ್ನು ತಡೆಯದೆ ಇರಲಾರರು. ಸ್ವರ್ಗವನ್ನು ಕೂಲಿಯೆಂದರೆ ಕೃಪೆಯ ಗತಿಯೇನು? ರೋಮನರಿಗೆ ಬರೆದ ಪತ್ರದ 4ನೆಯ ಅಧ್ಯಾಯದಲ್ಲಿ, ದುಡಿದವನಿಗೆ ಕೊಡುವ ಮಿಸ್ಥೊಸ್ ಕೃಪೆಯಲ್ಲ, ಸಾಲ ತೀರಿಸಿದಂತೆ ಎಂದು ಪೌಲರು ಬೇರ್ಪಡಿಸಿದ್ದಾರಲ್ಲವೇ? 6ನೆಯ ಅಧ್ಯಾಯದ ಕೊನೆಯಲ್ಲಿಯೂ ಸೈನಿಕರ ಸಂಬಳವನ್ನು ಸೂಚಿಸುವ ಪದವನ್ನು ಪಾಪದ ಪಾಲಿಗೆ ಬಿಟ್ಟು, ನಿತ್ಯಜೀವವನ್ನು ದೇವರ ವರವೆಂದೇ ಕರೆದಿದ್ದಾರೆ. ಆಕ್ಷೇಪ ತೂಕದ್ದು. ಆದರೆ ಅದೇ ಪೌಲರು ಕೊರಿಂಥದವರಿಗೆ ಬರೆಯುವಾಗ, ನೆಟ್ಟವನೂ ನೀರೆರೆದವನೂ ತಂತಮ್ಮ ಶ್ರಮಕ್ಕೆ ತಕ್ಕ ಮಿಸ್ಥೊಸ್ ಪಡೆಯುವರೆಂದು ಯಾವ ಅಳುಕೂ ಇಲ್ಲದೆ ಹೇಳಿದರು. ಪದವನ್ನು ದೂರವಿಟ್ಟು ಕೃಪೆಯನ್ನು ಕಾಪಾಡುವ ಉಪಾಯ ಅವರದಾಗಿರಲಿಲ್ಲ. ಯೇಸುಸ್ವಾಮಿಯ ಉಪಾಯ ಇನ್ನೂ ವಿಚಿತ್ರವಾದುದು: ಅವರು ಕೂಲಿಯ ಪದವನ್ನು ಕೈಗೆತ್ತಿಕೊಂಡು, ಕೂಲಿಯ ಕಥೆಯನ್ನೇ ಹೇಳಿ, ಅದರ ಒಳಗಿನಿಂದಲೇ ಅದನ್ನು ತೆರೆದುಬಿಟ್ಟರು.

ಮತ್ತಾಯ 20ರ ಸಾಮತಿ ಎಲ್ಲಿ ನಿಂತಿದೆ ಎಂಬುದನ್ನು ಪ್ರಬೋಧಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅದಕ್ಕೆ ತುಸು ಮುಂಚೆ ಪೇತ್ರನ ಪ್ರಶ್ನೆಯಿದೆ: ಎಲ್ಲವನ್ನೂ ಬಿಟ್ಟು ಬಂದೆವು, ನಮಗೇನು ದೊರೆಯುತ್ತದೆ? ಅದಾದ ಸ್ವಲ್ಪ ಹೊತ್ತಿಗೆ ಜೆಬೆದಾಯನ ಮಕ್ಕಳ ತಾಯಿ ಬಂದು ಬಲಗಡೆಯ ಮತ್ತು ಎಡಗಡೆಯ ಆಸನಗಳನ್ನು ಕೇಳುತ್ತಾಳೆ. ಪ್ರತಿಫಲವನ್ನು ಕುರಿತ ಈ ಎರಡು ವಿಚಾರಣೆಗಳ ನಡುವೆ ಈ ಸಾಮತಿ ಸಿಕ್ಕಿಕೊಂಡಿದೆ. ಪೇತ್ರನಿಗೆ ಸ್ವಾಮಿ ಗದರಲಿಲ್ಲ, ನೂರ್ಮಡಿಯೆಂದರು. ಆದರೆ ಕೂಡಲೇ ಈ ಕಥೆಯನ್ನೂ ಹೇಳಿದರು.

ಬಣಕಲ್ಲಿನ ಒಂದು ಲೈನಿನಲ್ಲಿ ಸಂಜೆಯ ಜಪಕೂಟದಲ್ಲಿ ನಾವು ಈ ಸಾಮತಿಯನ್ನು ಓದಿ ಸುಮ್ಮನೆ ಕುಳಿತೆವು. ವ್ಯಾಖ್ಯಾನವನ್ನು ಕೇಳುವವರೇ ಹೇಳಲಿ ಎಂಬ ಆಸೆ. ಒಬ್ಬ ಹಿರಿಯ ಹೆಂಗಸು ಬಹಳ ಹೊತ್ತಿನ ಮೇಲೆ ಕೇಳಿದರು: "ಅಲ್ಲ ಫಾದರ್, ಸಾಯಂಕಾಲ ಐದಕ್ಕೆ ಬಂದೋರಿಗೂ ಅಷ್ಟೇ ಕೊಟ್ರೆ ನಾಳೆ ಬೆಳಿಗ್ಗೆ ಯಾರು ಬರ್ತಾರೆ?" ಉಳಿದವರು ನಕ್ಕರು, ಆದರೆ ಎಲ್ಲರೂ ಅವರ ಪಕ್ಷವೇ. ಬೆಳಗಿನ ಮಂಜಿನಲ್ಲಿ ಗುಡ್ಡ ಹತ್ತಿದವರಿಗೆ ಗೊಣಗುವ ಹಕ್ಕಿದೆ ಎಂದು ಅವರ ಅಭಿಪ್ರಾಯ. ನಾವು ಓದಿದ ವ್ಯಾಖ್ಯಾನಗ್ರಂಥಗಳು ಆ ಗೊಣಗಾಟವನ್ನು ಫರಿಸಾಯರಿಗೋ ಯೆಹೂದ್ಯರಿಗೋ ಹಚ್ಚಿ ಮುಗಿಸಿಬಿಡುತ್ತವೆ. ಕೂಲಿಯ ಬೆಲೆ ಬಲ್ಲವರು ಹಾಗೆ ಸುಲಭವಾಗಿ ಬಿಡುವುದಿಲ್ಲ. ಸ್ವಲ್ಪ ತಡೆದು ಇನ್ನೊಬ್ಬಾಕೆ, ಅವಳು ಈಚೆಗೆ ಕೆಲಸ ಹುಡುಕಿಕೊಂಡು ಬಂದವಳು, ಹೇಳಿದ ಮಾತು ಬೇರೆ: "ಐದು ಗಂಟೆ ತನಕ ಯಾರೂ ಕರೀಲಿಲ್ಲ ಅಂದ್ರೆ ಆ ಮನೇಲೂ ಅಕ್ಕಿ ಇರೋದಿಲ್ಲ ಅಲ್ವಾ?"

ಆ ಎರಡನೆಯ ಮಾತಿನಲ್ಲಿ ಸಾಮತಿಯ ಕೀಲಿಯಿದೆ ಎಂದು ನಮಗೆ ತೋರುತ್ತದೆ. ಒಂದು ದೆನಾರಿಯಸ್ ಅಂದಿನ ದಿನಗೂಲಿ. ಒಂದು ಮನೆಯ ಒಂದು ದಿನದ ಊಟ. ಅರ್ಧ ದೆನಾರಿಯಸ್ ಕೊಟ್ಟರೆ ನ್ಯಾಯವಾದ ಲೆಕ್ಕವೇ ಸರಿ, ಆದರೆ ಅರ್ಧ ಹೊಟ್ಟೆ. ಯಜಮಾನನು ಕೂಲಿಯನ್ನು ರದ್ದುಮಾಡಿ ಅದರ ಜಾಗದಲ್ಲಿ ಭಿಕ್ಷೆಯನ್ನು ಇಡಲಿಲ್ಲ. ಮೊದಲು ಬಂದವರಿಗೆ ಮಾತಿನಂತೆ ಪೂರ್ತಿ ಸಂದಿತು. ಸೂರ್ಯ ಮುಳುಗುವ ಮುಂಚೆ ಕೂಲಿ ಕೊಡಬೇಕೆಂಬ ಧರ್ಮೋಪದೇಶಕಾಂಡದ ವಿಧಿಯೂ ನೆರವೇರಿತು. ಈ ನ್ಯಾಯ ಪೂರ್ತಿಯಾದ ಮೇಲೆಯೇ ಔದಾರ್ಯ ಆರಂಭವಾಯಿತು. ಕೃಪೆಯೆಂಬುದು ಕೂಲಿಗಿಂತ ಕಡಿಮೆಯಾದುದಲ್ಲ, ಕೂಲಿಯನ್ನು ದಾಟಿದ್ದು. ದಾಟಬೇಕಾದರೆ ಮೊದಲು ಅದನ್ನು ಮುಟ್ಟಿರಬೇಕು.

ನಮ್ಮ ನಾಡಿನ ನೆನಪಿನಲ್ಲಿ ಇದಕ್ಕೆ ಹತ್ತಿರದ ಒಂದು ಪ್ರಸಂಗವಿದೆ. ಕಲ್ಯಾಣದ ಶರಣ ದಂಪತಿಗಳಲ್ಲಿ ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ ಮರಳಿಸಿ ಬರಲು ಹೇಳಿದಳೆಂಬುದು ಕಥೆ. ದಿನದ ಕಾಯಕಕ್ಕೆ ದಿನದ ಅಳತೆ; ಮಿಕ್ಕದ್ದು ತಮ್ಮದಲ್ಲ. ಲಕ್ಕಮ್ಮನ ನಿಷ್ಠುರತೆಯೂ ದ್ರಾಕ್ಷಿತೋಟದ ಯಜಮಾನನ ಧಾರಾಳವೂ ಮೇಲ್ನೋಟಕ್ಕೆ ವಿರುದ್ಧ. ಆದರೆ ಇಬ್ಬರ ಅಳತೆಗೋಲೂ ಒಂದೇ: ಇಂದಿನ ರೊಟ್ಟಿ. ನಾವು ದಿನವೂ ಬೇಡುವ ಪ್ರಾರ್ಥನೆಯೂ ಅಷ್ಟಕ್ಕೇ ಅಲ್ಲವೇ?

ಸ್ವರ್ಗದಲ್ಲಿ ಎಲ್ಲರಿಗೂ ಒಂದೇ ಪ್ರತಿಫಲವೋ, ತಾರತಮ್ಯವುಂಟೋ ಎಂಬ ಚರ್ಚೆ ಇದೇ ದೆನಾರಿಯಸ್ಸಿನ ಸುತ್ತ ಹಿಂದೆ ನಡೆದಿದೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಜೊವಿನಿಯನ್ ಎಲ್ಲರಿಗೂ ಸಮಪ್ರತಿಫಲವೆಂದ. ಸಂತ ಜೆರೋಮರು ಸಿಟ್ಟಿನಿಂದ ಖಂಡಿಸಿದರು. ಸಂತ ಅಗಸ್ಟೀನರ ಸಮಾಧಾನ ಹೆಚ್ಚು ಪ್ರಸನ್ನವಾದುದು: ದೆನಾರಿಯಸ್ ಎಂದರೆ ನಿತ್ಯಜೀವ, ಅದು ಎಲ್ಲರಿಗೂ ಒಂದೇ, ಅದರೊಳಗಿನ ಪ್ರಭೆಯಲ್ಲಿ ಮಾತ್ರ ವ್ಯತ್ಯಾಸ. 1439ರಲ್ಲಿ ಫ್ಲಾರೆನ್ಸ್ ಮಹಾಸಭೆ ದೇವದರ್ಶನದಲ್ಲಿ ಪುಣ್ಯಾರ್ಹತೆಗೆ ತಕ್ಕ ತಾರತಮ್ಯವನ್ನು ಒಪ್ಪಿತು. ಲಿಸ್ಯೋದ ಸಂತ ತೆರೇಸಾಳಿಗೆ ಬಾಲ್ಯದಲ್ಲಿ ಅಕ್ಕ ತೋರಿಸಿಕೊಟ್ಟ ದೊಡ್ಡ ಲೋಟ ಮತ್ತು ಪುಟ್ಟ ಅಂಗುಷ್ಠಾನದ ದೃಷ್ಟಾಂತ, ಎರಡೂ ತುಂಬಿದ್ದರೆ ಯಾವುದು ಹೆಚ್ಚು ತುಂಬಿದ್ದು ಎಂಬ ಪ್ರಶ್ನೆ, ಪ್ರಬೋಧನೆಗಳಲ್ಲಿ ಸವೆದುಹೋಗುವಷ್ಟು ಬಳಕೆಯಾಗಿದೆ. ಅದು ಚೆಂದವೇ. ಆದರೆ ಲೋಟ ಒಡೆಯನದು, ಅಂಗುಷ್ಠಾನ ಆಳಿನದು ಎಂದು ಕೇಳುಗರು ತಾವಾಗಿಯೇ ಹಂಚಿಕೊಂಡುಬಿಡದಂತೆ ಎಚ್ಚರವಹಿಸಬೇಕಾದೀತು.

ಕೃಪೆ ಮತ್ತು ಪ್ರತಿಫಲಗಳ ಸಂಬಂಧದ ವಿಷಯದಲ್ಲಿ ಧರ್ಮಸಭೆಯ ಬೋಧನೆ ನಮ್ಮಲ್ಲಿ ಹಲವರು ಭಾವಿಸಿರುವುದಕ್ಕಿಂತ ಸೂಕ್ಷ್ಮವಾಗಿದೆ. 1547ರ ಜನವರಿಯಲ್ಲಿ ಟ್ರೆಂಟ್ ಮಹಾಸಭೆ ಹೊರಡಿಸಿದ ನೀತೀಕರಣದ ಆದೇಶವು ನಿತ್ಯಜೀವವನ್ನು ಕರುಣೆಯಿಂದ ವಾಗ್ದಾನವಾದ ಕೃಪೆಯೆಂದೂ, ದೇವರು ತಮ್ಮ ಮಾತಿಗೆ ನಿಷ್ಠರಾಗಿ ಸಲ್ಲಿಸುವ ಪ್ರತಿಫಲವೆಂದೂ ಎರಡನ್ನೂ ಒಟ್ಟಿಗೆ ಹೇಳುತ್ತದೆ. ನಮ್ಮ ಪುಣ್ಯಗಳಿಗೆ ದೇವರು ಕಿರೀಟ ತೊಡಿಸುವಾಗ ತಮ್ಮದೇ ವರಗಳಿಗೆ ತೊಡಿಸುತ್ತಾರೆಂಬ ಅಗಸ್ಟೀನರ ಭಾವವೇ ಅದರ ಬೆನ್ನೆಲುಬು. ಅತ್ತ ಮೆಲಾಂಕ್ತನ್ ಕೂಡ 1531ರಷ್ಟು ಹಿಂದೆಯೇ ನಿತ್ಯಜೀವವನ್ನು ಪ್ರತಿಫಲವೆಂದು ಕರೆಯಲು ಒಪ್ಪಿದ್ದರು. 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗಿನಲ್ಲಿ ಸಹಿಯಾದ ಲೂಥರನ್-ಕಥೋಲಿಕ ಜಂಟಿ ಘೋಷಣೆಯಲ್ಲಿಯೂ ಪ್ರತಿಫಲದ ಮಾತಿಗೆ ಜಾಗ ಸಿಕ್ಕಿದೆ. ಆದುದರಿಂದ ಜಗಳ ತೀರಿದೆ ಎನ್ನುವಷ್ಟಲ್ಲವಾದರೂ, 'ಕೂಲಿ' ಎಂದ ಮಾತ್ರಕ್ಕೆ ಯಾರೂ ಕೃಪಾದ್ರೋಹದ ಆರೋಪ ಹೊರಿಸುವಂತಿಲ್ಲ.

ಕ್ಯಾಲ್ವಿನ್ನರ ವಾದವೊಂದು ಮಾತ್ರ ಬಿಡಿಸಿ ನೋಡತಕ್ಕದ್ದು. ಸ್ವರ್ಗರಾಜ್ಯವು ಆಳುಗಳ ಕೂಲಿಯಲ್ಲ, ಮಕ್ಕಳ ದಾಯಭಾಗ ಎಂದು ಅವರು ವಾದಿಸುತ್ತಾರೆ. ಅವರ ಆಧಾರಗಳಲ್ಲಿ ಕೊಲೊಸ್ಸೆಯರಿಗೆ ಬರೆದ ಪತ್ರದ 3:24 ಒಂದು. ಆ ವಚನವನ್ನು ಯಾರಿಗೆ ಬರೆದದ್ದು? ದಾಸರಿಗೆ. ರೋಮನ್ ಕಾನೂನಿನಲ್ಲಿ ಸ್ವಂತ ಹಕ್ಕಿನಿಂದ ಆಸ್ತಿಗೆ ವಾರಸುದಾರರಾಗಲಾರದವರಿಗೆ, ನಿಮಗೆ ಪ್ರತಿಫಲವಾಗಿ ದೊರೆಯುವುದು ವಾರಸುದಾರಿಕೆ ಎಂದು ಹೇಳಲಾಗಿದೆ. ಲೈನ್ ಮನೆಯಲ್ಲಿ ಮೂರು ತಲೆಮಾರು ಕಳೆದು, ಕೆಲಸ ನಿಂತ ದಿನ ಪಾತ್ರೆಪಗಡೆ ಎತ್ತಿಕೊಂಡು ಹೊರಡಬೇಕಾದವರಿಗೆ ಈ ವಚನದ ಬಿಸಿ ತಟ್ಟುವಂತೆ ನಮಗೆ ತಟ್ಟದು. ದುರ್ದೈವವೆಂದರೆ ಹಳೆಯ ಭಾಷಾಂತರ ಇಲ್ಲಿ ಬಳಸುವ ಪದ 'ಬಾಧ್ಯತೆ'. ಅಂದು ಅದರ ಅರ್ಥ ಹಕ್ಕು. ಇಂದಿನ ಕಚೇರಿಯ ಕನ್ನಡದಲ್ಲಿ ಅದು ಹೊಣೆ, ಸಾಲದ ಹೊರೆ. ಸ್ವರ್ಗದಲ್ಲಿಯೂ ಬಾಧ್ಯತೆಯೇ ಕಾದಿದೆಯೆಂದು ಓದಿದ ಯುವಕನೊಬ್ಬ ಬೆಚ್ಚಿದರೆ ತಪ್ಪು ಅವನದಲ್ಲ. ಆದರೆ ಪದದ ತೊಡಕಿಗಿಂತ ದೊಡ್ಡದು ವಚನವನ್ನು ಕತ್ತರಿಸಿ ಓದುವ ನಮ್ಮ ಅಭ್ಯಾಸ. ಪತ್ರ ಅಲ್ಲಿಗೆ ನಿಲ್ಲುವುದಿಲ್ಲ. ಅನ್ಯಾಯ ಮಾಡಿದವನು ಅದರ ಫಲವನ್ನು ಅನುಭವಿಸುವನೆಂದು ಮುಂದಿನ ವಚನ ಎಚ್ಚರಿಸುತ್ತದೆ. ಅದರ ಮುಂದಿನದು ನೇರವಾಗಿ ಒಡೆಯರ ಕಡೆ ತಿರುಗಿ ನ್ಯಾಯವಾದದ್ದನ್ನೂ ಸಮವಾದದ್ದನ್ನೂ ಕೊಡಿರೆಂದು ಆಜ್ಞಾಪಿಸುತ್ತದೆ. ಅಧ್ಯಾಯಗಳ ಗೆರೆ, ಬಹಳ ಶತಮಾನಗಳ ಮೇಲೆ ಯಾರೋ ಎಳೆದದ್ದು, ದುರದೃಷ್ಟವಶಾತ್ ಇವುಗಳ ನಡುವೆಯೇ ಬಿದ್ದಿದೆ. ದಾಸರ ಭಾಗವನ್ನು ಓದಿ ಪುಸ್ತಕ ಮುಚ್ಚಲು ಅದೊಂದು ಅನುಕೂಲ.

ಈ ಮುಚ್ಚುವಿಕೆಯ ವಿರುದ್ಧ ಯಕೋಬರ ಪತ್ರವಿದೆ. ತಡೆಹಿಡಿದ ಕೂಲಿ ಅಲ್ಲಿ ತಾನೇ ಬಾಯಿಬಿಟ್ಟು ಕೂಗುತ್ತದೆ, ಮತ್ತು ಆ ಕೂಗು ಸೇನಾಧೀಶ್ವರನ ಕಿವಿಗೆ ಮುಟ್ಟುತ್ತದೆ. ಪರಲೋಕಕ್ಕೆ ಕೂಲಿ ಮೊದಲು ತಲುಪುವುದು ಹೀಗೆ, ಫಿರ್ಯಾದಿಯಾಗಿ! 13ನೆಯ ಲಿಯೋ ಜಗದ್ಗುರುಗಳು 1891ರ ತಮ್ಮ ವಿಶ್ವಪತ್ರದಲ್ಲಿ ಈ ವಚನವನ್ನು ಉದ್ಧರಿಸಿ, ಕೂಲಿ ವಂಚನೆಯನ್ನು ಸ್ವರ್ಗಕ್ಕೆ ಮೊರೆಯಿಡುವ ಪಾಪವೆಂದರು. ಅದೇ ಪತ್ರದಲ್ಲಿ, ಇಹದ ಬಾಳು ಮುಗಿದಮೇಲೆಯೇ ನಿಜವಾದ ಬಾಳು ಆರಂಭವಾಗುವುದೆಂಬ ಸಾಂತ್ವನವೂ ಇದೆ. ಎರಡನ್ನೂ ಒಂದೇ ಬರಹದಲ್ಲಿ ಇಟ್ಟದ್ದು ಅದರ ಪ್ರಾಮಾಣಿಕತೆ. ನಮ್ಮ ಅಂತ್ಯಕ್ರಿಯೆಯ ಪ್ರಬೋಧನೆಗಳು ಎರಡನೆಯದನ್ನು ಮಾತ್ರ ಉಳಿಸಿಕೊಂಡವು. ಹೊಸ ಭೂಮಿಯ ನಿರೀಕ್ಷೆ ಈ ಭೂಮಿಯ ಕಾಳಜಿಯನ್ನು ಕುಗ್ಗಿಸಬಾರದು, ಹೆಚ್ಚಿಸಬೇಕು ಎಂದು 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಹೇಳಿದ ಮಾತು ಗುರುಮಠದ ಪರೀಕ್ಷೆಯಲ್ಲಿ ಅಂಕ ತರುತ್ತದೆ. ಲೈನಿನ ಅಂಗಳದಲ್ಲಿ ನೆನಪಿಗೆ ಬರುವುದು ಕಡಿಮೆ.

ತೋಟದ ಒಡೆಯರ ಕಡೆಗೆ ಬೆರಳು ತೋರಿಸಿ ನಿಲ್ಲಿಸುವುದು ಸುಲಭ. ಆದರೆ ಈ ಪತ್ರಿಕೆಯನ್ನು ಓದುವವರು ಗುರುಗಳು, ನಾಳೆ ಗುರುಗಳಾಗುವವರು. ನಮ್ಮ ಗುರುನಿವಾಸದ ಅಡುಗೆಯವರು, ಗಂಟೆ ಬಾರಿಸುವವರು, ಹಳ್ಳಿ ಹಳ್ಳಿಗೆ ನಡೆದು ಮಕ್ಕಳಿಗೆ ಜಪ ಕಲಿಸುವ ಉಪದೇಶಿಗಳು, ಶಾಲೆಯ ಅಂಗಳ ಗುಡಿಸುವವರು ಕೂಲಿ ಹೆಚ್ಚಿಸಿರೆಂದು ಕೇಳಿದಾಗ, ಇದು ದೇವರ ಕೆಲಸ, ನಿಮ್ಮ ಪ್ರತಿಫಲ ಮೇಲಿದೆ ಎಂಬ ಉತ್ತರ ಎಷ್ಟು ಸಲ ನಮ್ಮ ಬಾಯಿಂದ ಬಂದಿಲ್ಲ? ಆಳು ತನ್ನ ಕೂಲಿಗೆ ಅರ್ಹನೆಂಬ ಸ್ವಾಮಿಯ ಮಾತು ಲೂಕ 10ರಲ್ಲಿ ಮೂಲತಃ ಶುಭಸಂದೇಶ ಸಾರುವವರ ಬಗ್ಗೆಯೇ ಬಂದದ್ದು. ಅದನ್ನು ನಮ್ಮ ಊಟ, ವಸತಿ, ಪ್ರಯಾಣಗಳಿಗೆ ಅನ್ವಯಿಸಿಕೊಂಡು, ಅಡುಗೆಯವಳ ಪಾಲಿಗೆ ಅಷ್ಟಭಾಗ್ಯಗಳನ್ನು ಬಿಟ್ಟುಕೊಡುವ ವ್ಯಾಖ್ಯಾನಶಾಸ್ತ್ರವನ್ನು ನಾವು ಯಾವ ಗುರುಮಠದಲ್ಲಿ ಕಲಿತೆವೋ ತಿಳಿಯದು.

ಪರ್ವತ ಪ್ರಬೋಧನೆಯ 6ನೆಯ ಅಧ್ಯಾಯದಲ್ಲಿ ಇನ್ನೊಂದು ಪದವಿದೆ. ಜನ ನೋಡಲೆಂದು ದಾನ ಮಾಡುವವರು ತಮ್ಮ ಮಿಸ್ಥೊಸ್ ಪಡೆದಾಯಿತು ಎನ್ನುವಲ್ಲಿ ಬರುವ ಕ್ರಿಯಾಪದ 'ಅಪೇಖೊ'. ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಪಪೈರಸ್ ಮತ್ತು ಮಡಕೆಚೂರುಗಳ ರಸೀದಿಗಳಲ್ಲಿ ಇದೇ ಪದವಿರುವುದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಡಾಲ್ಫ್ ಡೈಸ್‌ಮನ್ ಎತ್ತಿ ತೋರಿಸಿದರು: ಪೂರ್ತಿ ಸಂದಿದೆ, ಇನ್ನು ಬಾಕಿಯಿಲ್ಲ. ನಮ್ಮ ಭಾಷಾಂತರಗಳಲ್ಲಿ ಮುಗಿದುಹೋಯಿತೆಂಬ ಭಾವ ಬಂದಿದೆ, ಆದರೆ ರಸೀದಿಯ ರುಚಿ ಬಂದಿಲ್ಲ. ಬಣಕಲ್ಲಿನಲ್ಲಿ ಅದಕ್ಕೆ ಪದ ಹುಡುಕಬೇಕಾಗಿಯೇ ಇಲ್ಲ: ಚುಕ್ತಾ. ಅವರ ಲೆಕ್ಕ ಚುಕ್ತಾ ಆಯಿತು. ವೇದಿಕೆಯ ಮೇಲೆ ಹೆಸರು ಕೂಗಿಸಿಕೊಂಡ ದಾನಿಗೆ ಸ್ವರ್ಗದಲ್ಲಿ ಬಾಕಿಯಿಲ್ಲ. ಮರೆಯಲ್ಲಿ ಕೊಟ್ಟವಳಿಗೆ ಬಾಕಿಯುಂಟು. ಸ್ವರ್ಗದ ಪ್ರತಿಫಲವೆಂದರೆ ದೇವರು ಹೆಮ್ಮೆಯಿಂದ ಉಳಿಸಿಕೊಂಡಿರುವ ಬಾಕಿ ಎಂದು ಇಲ್ಲಿ ಹೇಳಬಹುದು. ಹೇಳುವವರು ಮನುಷ್ಯರು ಉಳಿಸಿಕೊಂಡ ಬಾಕಿಯನ್ನೂ ಅದೇ ಪದದಿಂದ ಕರೆಯುವ ಧೈರ್ಯವಿದ್ದವರಾಗಿದ್ದರೆ.

ಪೂಜಾವಿಧಿಯ ವಾಚನಗಳ ಕ್ರಮವೂ ಈ ವಿಷಯದಲ್ಲಿ ನಮ್ಮನ್ನು ಒಂದು ರೀತಿಯಲ್ಲಿ ಕೈಬಿಟ್ಟಿದೆ, ಇನ್ನೊಂದು ರೀತಿಯಲ್ಲಿ ಕೈಹಿಡಿದಿದೆ. ದ್ರಾಕ್ಷಿತೋಟದ ಸಾಮತಿ 'ಎ' ವರ್ಷದ 25ನೆಯ ಸಾಧಾರಣ ಭಾನುವಾರ ಬರುತ್ತದೆ. ತಡೆಹಿಡಿದ ಕೂಲಿಯ ಬಗೆಗಿನ ಯಕೋಬರ ವಾಚನ 'ಬಿ' ವರ್ಷದ 26ನೆಯ ಭಾನುವಾರ. ಪಕ್ಕಪಕ್ಕದ ಭಾನುವಾರಗಳಂತೆ ಕಂಡರೂ ಒಂದೇ ವರ್ಷದಲ್ಲಿ ಎರಡೂ ಕೇಳಿಸುವುದಿಲ್ಲ. ಎರಡೂ ಬರುವುದು ಸೆಪ್ಟೆಂಬರಿನ ಆಸುಪಾಸು, ತೋಟದಲ್ಲಿ ಮಳೆ ಇನ್ನೂ ಪೂರ್ತಿ ಬಿಟ್ಟಿರದ, ಕಾಯಿ ಹಸಿರಾಗಿಯೇ ಇರುವ ದಿನಗಳಲ್ಲಿ. ಆದರೆ ನವೆಂಬರ್ 1ರ ಸಕಲ ಸಂತರ ಹಬ್ಬದಂದು ಪ್ರತಿ ವರ್ಷವೂ ಅಷ್ಟಭಾಗ್ಯಗಳನ್ನು ಓದುತ್ತೇವೆ. ಅದು ಕೊಯ್ಲಿಗೆ ಜನ ಸೇರಿಸುವ ಸಮಯ. ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಒಪ್ಪಿಸಿಕೊಳ್ಳುವ ವಾರಗಳು. ವಿಭೂತಿ ಬುಧವಾರದಂದು ಮತ್ತಾಯನ 6ನೆಯ ಅಧ್ಯಾಯವನ್ನು ಓದುತ್ತೇವೆ. ಫೆಬ್ರವರಿಯಲ್ಲೋ ಮಾರ್ಚ್ ಮೊದಲಲ್ಲೋ ಬರುವ ಆ ದಿನದ ಹೊತ್ತಿಗೆ ರೊಬಸ್ಟಾ ಕೊಯ್ಲೂ ಕೊನೆಗೆ ಬಂದಿರುತ್ತದೆ. ದೂರದಿಂದ ಬಂದವರು ಲೆಕ್ಕ ಮುಗಿಸಿಕೊಂಡು, ಚೀಲ ಹೆಗಲಿಗೇರಿಸಿ, ಕೊಟ್ಟಿಗೆಹಾರದ ಬಸ್ಸಿಗೆ ಕಾಯುತ್ತಿರುತ್ತಾರೆ. ಅವರಲ್ಲಿ ಕೆಲವರು ಹಣೆಯ ಮೇಲೆ ಬೂದಿ ಹಚ್ಚಿಸಿಕೊಳ್ಳಲು ಬೆಳಗಿನ ಬಲಿಪೂಜೆಗೆ ಬಂದು ಹಿಂದಿನ ಬಾಗಿಲ ಬಳಿ ನಿಂತಿರುತ್ತಾರೆ. ಪೀಠದ ಬಳಿಯಿಂದ ಅವರಿಗೆ ಮೂರು ಸಲ ಆ ಪದ ಕೇಳಿಸುತ್ತದೆ.